ವಿಂಡೋಸ್ 7ರಲ್ಲಿ ಡೆಸ್ಕ್‌ಟಾಪ್ ಐಕಾನ್ ಮಾಯ: ಫಾರ್ಮ್ಯಾಟ್ ಹೊಡೆಸುವ ಮುನ್ನ

ಪ್ರಶ್ನೆ: ನಮ್ಮ ಮನೆಯಲ್ಲಿ 2011ರಲ್ಲಿ ಕೊಂಡ ಕಂಪ್ಯೂಟರ್ ಇದೆ, ವಿಂಡೋಸ್ 7. ಹೆಚ್ಚಾಗಿ ಬಳಸುವವರು ಅಪ್ಪ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಪತ್ರ ಟೈಪ್ ಮಾಡುತ್ತಾರೆ, ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಹಾಕಿಕೊಂಡು ಹಳೆಯ ಫೋಟೋ ನೋಡುತ್ತಾರೆ, ಹಾಡು ಕೇಳುತ್ತಾರೆ. ಹೋದ ವಾರ ಡೆಸ್ಕ್‌ಟಾಪ್ ಮೇಲಿದ್ದ ಎಂಟು ಐಕಾನ್ ಒಟ್ಟಿಗೆ ಕಾಣೆಯಾದವು. ಆರು ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿರುವ ಫೋಟೋ ಮತ್ತು ಹಾಡಿನ ಫೋಲ್ಡರ್‌ಗಳದ್ದು, ಎರಡು ಹಳೆಯ ಸ್ಕ್ಯಾನರ್‌ನದ್ದು. ಕಂಪ್ಯೂಟರ್, ರಿಸೈಕಲ್ ಬಿನ್, ನುಡಿ, ಅಪ್ಪ ಬರೆದ ಪತ್ರಗಳು ಎಲ್ಲ ಹಾಗೇ ಇವೆ. ಎರಡು ತಿಂಗಳ ಹಿಂದೆಯೂ ಹೀಗೇ ಆಗಿ, ಡಿಸ್ಕ್‌ನ ಐಕಾನ್‌ಗಳನ್ನು ಮತ್ತೆ ಮಾಡಿಟ್ಟಿದ್ದೆವು. ಅಂಗಡಿಯವರು ವೈರಸ್ ಇರಬಹುದು, ಫಾರ್ಮ್ಯಾಟ್ ಹೊಡೆಯಬೇಕು ಎನ್ನುತ್ತಾರೆ. ಬೇರೆ ದಾರಿ ಇದೆಯೇ?

ಉತ್ತರ: ಫಾರ್ಮ್ಯಾಟ್ ಬೇಡ. ನೀವು ಹೇಳಿದ ಲಕ್ಷಣ ವೈರಸ್‌ನದ್ದಲ್ಲ, ವಿಂಡೋಸ್ 7 ತಾನೇ ಮಾಡುವ ಕೆಲಸದ್ದು. ಯಾವ ಐಕಾನ್ ಹೋಗಿದೆ, ಯಾವುದು ಉಳಿದಿದೆ ಎಂದು ನೀವು ವಿವರವಾಗಿ ಬರೆದದ್ದು ಒಳ್ಳೆಯದಾಯಿತು. ಈ ತೊಂದರೆಯಲ್ಲಿ ಕಾರಣ ಹಿಡಿಯುವುದು ಆ ಪಟ್ಟಿಯಿಂದಲೇ.

ಡೆಸ್ಕ್‌ಟಾಪ್ ಮೇಲೆ ಕಾಣುವುದರಲ್ಲಿ ಮೂರು ಜಾತಿ. ಒಂದು, ಕಂಪ್ಯೂಟರ್, ರಿಸೈಕಲ್ ಬಿನ್ ತರಹದ ವಿಂಡೋಸ್‌ನದೇ ಐಕಾನ್. ಎರಡು, ನಿಜವಾಗಿ ಅಲ್ಲೇ ಇರುವ ಫೈಲ್ ಮತ್ತು ಫೋಲ್ಡರ್, ಅಂದರೆ ನಿಮ್ಮ ಅಪ್ಪನ ಪತ್ರಗಳು. ಮೂರು, ಶಾರ್ಟ್‌ಕಟ್. ಶಾರ್ಟ್‌ಕಟ್‌ನ ಎಡ ಕೆಳಮೂಲೆಯಲ್ಲಿ ಬಿಳಿ ಚೌಕದೊಳಗೆ ಬಾಗಿದ ಸಣ್ಣ ಬಾಣ ಇರುತ್ತದೆ. ಅದರ ಗಾತ್ರ ಒಂದೆರಡು ಕೆಬಿ ಅಷ್ಟೆ, ಇಂಥ ಫೋಲ್ಡರ್ ಇಂಥ ಡ್ರೈವ್‌ನಲ್ಲಿದೆ ಎಂಬ ವಿಳಾಸ ಮಾತ್ರ ಅದರೊಳಗಿದೆ. ನಿಮ್ಮಲ್ಲಿ ಹೋಗಿರುವ ಎಂಟೂ ಶಾರ್ಟ್‌ಕಟ್. ಹಾಗಾಗಿ ಒಂದೇ ಒಂದು ಫೋಟೋ ಕೂಡ ಕಳೆದಿಲ್ಲ. ಡಿಸ್ಕ್ ಸಿಕ್ಕಿಸಿ, ಸ್ಟಾರ್ಟ್ ಮೆನುವಿನಿಂದ ಕಂಪ್ಯೂಟರ್ ತೆರೆದು ಅದರ ಒಳಹೊಕ್ಕರೆ ಎಲ್ಲವೂ ಇದ್ದಲ್ಲೇ ಸಿಗುತ್ತವೆ.

ಇನ್ನು ಅಳಿಸಿದ್ದು ಯಾರು? ವಿಂಡೋಸ್ 7ರಲ್ಲಿ ಸಿಸ್ಟಂ ಮೇಂಟೆನೆನ್ಸ್ ಎಂಬ ಟ್ರಬಲ್‌ಶೂಟರ್, ಅಂದರೆ ತೊಂದರೆ ಹುಡುಕಿ ಸರಿಪಡಿಸುವ ಪ್ರೋಗ್ರಾಂ ಇದೆ. ಅದು ವಾರಕ್ಕೊಮ್ಮೆ ತಾನಾಗಿಯೇ ಓಡಿ ಡೆಸ್ಕ್‌ಟಾಪ್ ಮೇಲಿನ ಶಾರ್ಟ್‌ಕಟ್‌ಗಳನ್ನು ಪರೀಕ್ಷಿಸುತ್ತದೆ. ಒಂದು ಶಾರ್ಟ್‌ಕಟ್ ತೋರಿಸುವ ಜಾಗದಲ್ಲಿ ಏನೂ ಸಿಗದಿದ್ದರೆ ಅದನ್ನು ಮುರಿದದ್ದೆಂದು ಲೆಕ್ಕ ಹಾಕುತ್ತದೆ. ಅಂಥವು ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸುಮ್ಮನಿರುತ್ತದೆ. ನಾಲ್ಕನ್ನು ದಾಟಿದರೆ ಮುರಿದವೆಂದು ಗುರುತಿಸಿದ ಎಲ್ಲವನ್ನೂ ಒಟ್ಟಿಗೆ ತೆಗೆದುಹಾಕುತ್ತದೆ, ಕೇಳುವುದಿಲ್ಲ. ಎಕ್ಸ್‌ಟರ್ನಲ್ ಡಿಸ್ಕ್ ಕಪಾಟಿನಲ್ಲಿ ಇರುವಾಗ ಈ ಪರೀಕ್ಷೆ ನಡೆದರೆ ಅದರ ಆರೂ ಶಾರ್ಟ್‌ಕಟ್ ಮುರಿದಂತೆಯೇ ಅದಕ್ಕೆ ಕಾಣುತ್ತದೆ. ಡಿಸ್ಕ್ ಇವತ್ತು ಸಿಕ್ಕಿಸಿಲ್ಲ ಎಂಬುದಕ್ಕೂ ಫೋಲ್ಡರನ್ನೇ ಅಳಿಸಲಾಗಿದೆ ಎಂಬುದಕ್ಕೂ ಅದು ವ್ಯತ್ಯಾಸ ಮಾಡುವುದಿಲ್ಲ. ಪೆನ್ ಡ್ರೈವ್ ಮತ್ತು ನೆಟ್‌ವರ್ಕ್ ಡ್ರೈವ್‌ಗಳ ಶಾರ್ಟ್‌ಕಟ್‌ಗೂ ಇದೇ ಗತಿ. ಇದರ ಜೊತೆ ಇನ್ನೊಂದು ನಿಯಮವಿದೆ: ಮೂರು ತಿಂಗಳಿಂದ ಮುಟ್ಟದ ಡೆಸ್ಕ್‌ಟಾಪ್ ಐಕಾನ್‌ಗಳನ್ನೂ ಅದು ಕಸದ ಲೆಕ್ಕಕ್ಕೆ ಸೇರಿಸುತ್ತದೆ. ಸ್ಕ್ಯಾನರ್‌ನ ಎರಡು ಐಕಾನ್ ಹೋದದ್ದು ಬಹುಶಃ ಹಾಗೆ. ನುಡಿ ದಿನಾ ಬಳಕೆಯಲ್ಲಿದೆ, ಉಳಿಯಿತು. ಪತ್ರಗಳು ಶಾರ್ಟ್‌ಕಟ್ ಅಲ್ಲ, ಅವೂ ಉಳಿದವು.

ಮಾತಿಗೆ ಮಾತ್ರ ನಂಬಬೇಡಿ, ದಾಖಲೆ ನೋಡಿ. ಸ್ಟಾರ್ಟ್ ಒತ್ತಿ ಕಂಟ್ರೋಲ್ ಪ್ಯಾನಲ್ ತೆರೆಯಿರಿ. ಬಲ ಮೇಲ್ಮೂಲೆಯ ಹುಡುಕು ಪೆಟ್ಟಿಗೆಯಲ್ಲಿ ಟ್ರಬಲ್‌ಶೂಟಿಂಗ್ ಎಂದು ಇಂಗ್ಲಿಷಿನಲ್ಲಿ ಬರೆದರೆ ಆ ಹೆಸರಿನ ಕೊಂಡಿ ಮೇಲೆಯೇ ಬರುತ್ತದೆ. ಒಳಗೆ ಹೋಗಿ ಎಡಬದಿಯ ವ್ಯೂ ಹಿಸ್ಟರಿ ಒತ್ತಿ. ಯಾವ ಟ್ರಬಲ್‌ಶೂಟರ್ ಯಾವ ದಿನ ಓಡಿತು ಎಂಬ ಪಟ್ಟಿ ಅಲ್ಲಿದೆ. ಸಿಸ್ಟಂ ಮೇಂಟೆನೆನ್ಸ್‌ನ ಸಾಲೊಂದು ನಿಮ್ಮ ಐಕಾನ್ ಕಾಣೆಯಾದ ದಿನಾಂಕಕ್ಕೆ ಹೊಂದಿಕೊಂಡರೆ ಬೇರೆ ಸಾಕ್ಷಿ ಬೇಕಿಲ್ಲ.

ನಿಲ್ಲಿಸುವುದು ಸುಲಭ. ಅದೇ ಟ್ರಬಲ್‌ಶೂಟಿಂಗ್ ಕಿಟಕಿಯ ಎಡಬದಿಯಲ್ಲಿ ಚೇಂಜ್ ಸೆಟಿಂಗ್ಸ್ ಇದೆ. ಅಲ್ಲಿ ಮೊದಲು ಬರುವ ಕಂಪ್ಯೂಟರ್ ಮೇಂಟೆನೆನ್ಸ್ ಅನ್ನು ಆಫ್ ಮಾಡಿ ಓಕೆ ಒತ್ತಿ. ಆ ಆಯ್ಕೆಯ ಪಕ್ಕದ ವಿವರಣೆಯಲ್ಲಿ, ತೊಂದರೆ ಕಂಡರೆ ನಿಮಗೆ ನೆನಪಿಸುತ್ತೇವೆ ಎಂಬರ್ಥದ ಮಾತಿದೆ. ನೆನಪಿಸುವುದಷ್ಟೇ ಅಲ್ಲ, ಅಳಿಸುವುದೂ ಅದರ ಕೆಳಗೇ ನಡೆಯುತ್ತದೆ ಎಂದು ಯಾರಿಗೂ ಹೊಳೆಯದಿರುವುದು ಈ ಬರಹದಿಂದಲೇ. ಆಫ್ ಮಾಡಿದರೆ ಡಿಸ್ಕ್ ದೋಷ, ಗಡಿಯಾರದ ಸಮಯ, ಹಳೆಯ ಎರರ್ ರಿಪೋರ್ಟ್‌ಗಳು ತಿಂದ ಜಾಗ ಇವುಗಳ ವಾರದ ತಪಾಸಣೆಯೂ ನಿಲ್ಲುತ್ತದೆ. ಮನೆ ಕಂಪ್ಯೂಟರಿಗೆ ಅದರಿಂದ ದೊಡ್ಡ ನಷ್ಟವಿಲ್ಲ. ಬೇಕೆನಿಸಿದಾಗ ಅದೇ ಟ್ರಬಲ್‌ಶೂಟರನ್ನು ಕೈಯಾರೆ ಓಡಿಸಬಹುದು. ಆದರೆ ಆಗಲೂ ಎಕ್ಸ್‌ಟರ್ನಲ್ ಡಿಸ್ಕ್ ಸಿಕ್ಕಿಸಿಕೊಂಡೇ ಓಡಿಸಿ.

ಆಫ್ ಮಾಡಲು ಮನಸ್ಸಿಲ್ಲದಿದ್ದರೆ ಶಾರ್ಟ್‌ಕಟ್ ಇಡುವ ರೀತಿಯನ್ನೇ ಬದಲಿಸಿ. ಮೈ ಡಾಕ್ಯುಮೆಂಟ್ಸ್ ಒಳಗೆ ಫೋಟೋ-ಹಾಡು ಎಂಬ ಹೆಸರಿನ ಒಂದು ಫೋಲ್ಡರ್ ಮಾಡಿ, ಎಕ್ಸ್‌ಟರ್ನಲ್ ಡಿಸ್ಕ್‌ನ ಆರೂ ಶಾರ್ಟ್‌ಕಟ್‌ಗಳನ್ನು ಅದರಲ್ಲಿಡಿ. ಆಮೇಲೆ ಆ ಒಂದು ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಸೆಂಡ್ ಟು, ಡೆಸ್ಕ್‌ಟಾಪ್ ಎಂದು ಕೊಡಿ. ಈಗ ಡೆಸ್ಕ್‌ಟಾಪ್ ಮೇಲಿರುವುದು ಒಂದೇ ಶಾರ್ಟ್‌ಕಟ್, ಅದು ತೋರಿಸುವ ಜಾಗ ಸಿ ಡ್ರೈವ್‌ನಲ್ಲಿ ಸದಾ ಇರುತ್ತದೆ, ಮುರಿಯುವ ಪ್ರಶ್ನೆಯೇ ಇಲ್ಲ. ನಮ್ಮ ಸಲಹೆ ಎರಡನ್ನೂ ಮಾಡಿ ಎಂದೇ.

ಶಾರ್ಟ್‌ಕಟ್ ಮತ್ತೆ ಮಾಡುವ ಮೊದಲು ಡ್ರೈವ್‌ನ ಅಕ್ಷರ ಗಟ್ಟಿ ಮಾಡಿಕೊಳ್ಳಿ. ಎಕ್ಸ್‌ಟರ್ನಲ್ ಡಿಸ್ಕ್‌ಗೆ ವಿಂಡೋಸ್ ಖಾಲಿ ಇರುವ ಅಕ್ಷರ ಕೊಡುತ್ತದೆ. ಇವತ್ತು ಎಫ್, ನಾಳೆ ಪೆನ್ ಡ್ರೈವ್ ಮೊದಲೇ ಎಫ್ ಹಿಡಿದು ಕೂತಿದ್ದರೆ ಡಿಸ್ಕ್ ಜಿ ಆಗಬಹುದು. ಆಗ ಡಿಸ್ಕ್ ಸಿಕ್ಕಿಸಿದ್ದರೂ ಶಾರ್ಟ್‌ಕಟ್ ತೆರೆಯದೆ ತಕರಾರು ಮಾಡುತ್ತದೆ. ತಡೆಯಲು, ಡಿಸ್ಕ್ ಸಿಕ್ಕಿಸಿ, ಸ್ಟಾರ್ಟ್ ಮೆನುವಿನ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್, ಮ್ಯಾನೇಜ್, ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಕೆಳಗಿನ ಚಿತ್ರದಲ್ಲಿ ನಿಮ್ಮ ಎಕ್ಸ್‌ಟರ್ನಲ್ ಡಿಸ್ಕ್‌ನ ಭಾಗದ ಮೇಲೆ ರೈಟ್ ಕ್ಲಿಕ್ ಮಾಡಿ ಚೇಂಜ್ ಡ್ರೈವ್ ಲೆಟರ್ ಆರಿಸಿ, ಪಿ ಅಥವಾ ಆರ್ ತರಹದ ದೂರದ ಅಕ್ಷರ ಕೊಡಿ. ಅದೇ ಮೆನುವಿನಲ್ಲಿ ಫಾರ್ಮ್ಯಾಟ್ ಮತ್ತು ಡಿಲೀಟ್ ವಾಲ್ಯೂಮ್ ಕೂಡ ಪಕ್ಕಪಕ್ಕದಲ್ಲೇ ಇವೆ, ಅವಸರ ಬೇಡ.

ನಿಮ್ಮ ಸಮಸ್ಯೆ ಇಲ್ಲಿಗೆ ಮುಗಿಯಿತು. ಆದರೆ ಐಕಾನ್ ಹೋಯಿತು ಎಂದು ಬರುವವರೆಲ್ಲರ ಕಾರಣ ಒಂದೇ ಅಲ್ಲ. ಹಳೆಯ ಕಂಪ್ಯೂಟರಿನಲ್ಲಿ ನಾಳೆ ಇನ್ನೊಂದು ಬಗೆಯಲ್ಲಿ ಆದರೆ ಗುರುತು ಹಿಡಿಯಲಿ ಎಂದು ಉಳಿದವನ್ನೂ ಹೇಳುತ್ತೇವೆ.

ಎಲ್ಲ ಐಕಾನ್ ಹೋಗಿ, ವಾಲ್‌ಪೇಪರ್ ಮತ್ತು ಕೆಳಗಿನ ಟಾಸ್ಕ್‌ಬಾರ್ ಮಾತ್ರ ಉಳಿದಿದ್ದರೆ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ನೋಡಿ. ಮೆನು ಬಂದರೆ ವ್ಯೂ ಒಳಗೆ ಶೋ ಡೆಸ್ಕ್‌ಟಾಪ್ ಐಕಾನ್ಸ್ ಮುಂದೆ ಟಿಕ್ ಇದೆಯೇ ಪರೀಕ್ಷಿಸಿ. ಹತ್ತರಲ್ಲಿ ಹೆಚ್ಚಿನವು ಇಲ್ಲೇ ಮುಗಿಯುತ್ತವೆ. ಮಕ್ಕಳು ಮೌಸ್ ಆಡಿಸುವಾಗ ತೆಗೆದಿರುತ್ತಾರೆ. ಕಂಪ್ಯೂಟರ್, ರಿಸೈಕಲ್ ಬಿನ್ ಮಾತ್ರ ಹೋಗಿದ್ದರೆ ಪರ್ಸನಲೈಸ್ ಒಳಗಿನ ಚೇಂಜ್ ಡೆಸ್ಕ್‌ಟಾಪ್ ಐಕಾನ್ಸ್‌ನಲ್ಲಿ ಟಿಕ್ ಹಾಕಬೇಕು. ವಿಂಡೋಸ್ 7ರ ಸ್ಟಾರ್ಟರ್ ಮತ್ತು ಹೋಂ ಬೇಸಿಕ್ ಆವೃತ್ತಿಗಳಲ್ಲಿ ಪರ್ಸನಲೈಸ್ ಎಂಬುದೇ ಸಿಗುವುದಿಲ್ಲ. ಅವುಗಳಲ್ಲಿ ಸ್ಟಾರ್ಟ್ ಮೆನುವಿನ ಹುಡುಕು ಪೆಟ್ಟಿಗೆಯಲ್ಲಿ ಡೆಸ್ಕ್‌ಟಾಪ್ ಐಕಾನ್ಸ್ ಎಂದು ಬರೆದರೆ ಅದೇ ಕಿಟಕಿಗೆ ದಾರಿ ಸಿಗುತ್ತದೆ.

ಟಾಸ್ಕ್‌ಬಾರ್ ಕೂಡ ಇಲ್ಲ, ರೈಟ್ ಕ್ಲಿಕ್‌ಗೂ ಉತ್ತರವಿಲ್ಲ ಎಂದರೆ ಎಕ್ಸ್‌ಪ್ಲೋರರ್ ಎಂಬ ಪ್ರೋಗ್ರಾಂ ಬಿದ್ದುಹೋಗಿದೆ. ಡೆಸ್ಕ್‌ಟಾಪ್, ಟಾಸ್ಕ್‌ಬಾರ್ ಎರಡನ್ನೂ ಬಿಡಿಸಿ ತೋರಿಸುವುದು ಅದೇ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರ ಫೈಲ್ ಮೆನುವಿನ ನ್ಯೂ ಟಾಸ್ಕ್‌ನಲ್ಲಿ ಎಕ್ಸ್‌ಪ್ಲೋರರ್ ಎಂದು ಇಂಗ್ಲಿಷಿನಲ್ಲಿ ಬರೆದು ಎಂಟರ್ ಒತ್ತಿ. ಬಂದು ನಿಂತರೆ ಸರಿ. ಬಂದು ಮತ್ತೆ ಮತ್ತೆ ಬೀಳುತ್ತಿದ್ದರೆ ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಎಫ್8 ಒತ್ತುತ್ತಾ, ವಿಂಡೋಸ್ ಅತ್ಯಗತ್ಯವಾದದ್ದನ್ನಷ್ಟೇ ಓಡಿಸುವ ಸೇಫ್ ಮೋಡ್‌ಗೆ ಹೋಗಿ. ಅಲ್ಲಿ ಸರಿಯಾಗಿ ನಿಂತರೆ ರೈಟ್ ಕ್ಲಿಕ್ ಮೆನುವಿಗೆ ತಮ್ಮ ಹೆಸರು ಸೇರಿಸಿಕೊಳ್ಳುವ ಝಿಪ್, ಆಂಟಿವೈರಸ್, ವಿಡಿಯೋ ಪ್ರೋಗ್ರಾಂಗಳಲ್ಲಿ ಒಂದು ಎಕ್ಸ್‌ಪ್ಲೋರರನ್ನು ಬೀಳಿಸುತ್ತಿರುವ ಸಾಧ್ಯತೆ ಹೆಚ್ಚು. ಇತ್ತೀಚೆಗೆ ಹಾಕಿದ್ದನ್ನು ಮೊದಲು ತೆಗೆಯಿರಿ. ಟಾಸ್ಕ್‌ಬಾರ್ ಇದ್ದು ಡೆಸ್ಕ್‌ಟಾಪ್ ಮೇಲಿನ ರೈಟ್ ಕ್ಲಿಕ್ ಮಾತ್ರ ಕೆಲಸ ಮಾಡದಿದ್ದರೆ ಅದು ಬೇರೆಯೇ ಕಥೆ. ವಿಂಡೋಸ್ ತನ್ನ ಸೆಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ನೋ ಡೆಸ್ಕ್‌ಟಾಪ್ ಎಂಬ ನಿರ್ಬಂಧ 1 ಆಗಿರಬಹುದು. ಮನೆ ಕಂಪ್ಯೂಟರಿನಲ್ಲಿ ಅದನ್ನು ಯಾರೂ ಬೇಕೆಂದು ಹಾಕುವುದಿಲ್ಲ, ಅಲ್ಲಿ ಮಾತ್ರ ವೈರಸ್ ಅನುಮಾನ ನ್ಯಾಯ.

ನಿಜಕ್ಕೂ ಕೈ ನಡುಗಿಸುವುದು ಟೆಂಪರರಿ ಪ್ರೊಫೈಲ್. ಲಾಗಿನ್ ಆದಾಗ ನಿಮ್ಮ ವಾಲ್‌ಪೇಪರ್ ಹೋಗಿ ವಿಂಡೋಸ್‌ನ ನೀಲಿ ಚಿತ್ರ ಬಂದಿರುತ್ತದೆ, ಐಕಾನ್, ಫೈಲ್, ಬ್ರೌಸರಿನ ಬುಕ್‌ಮಾರ್ಕ್ ಯಾವುದೂ ಇಲ್ಲ, ಹೊಸ ಕಂಪ್ಯೂಟರ್ ತಂದ ಹಾಗೆ ಇರುತ್ತದೆ. ಬಲ ಕೆಳಮೂಲೆಯಲ್ಲಿ ತಾತ್ಕಾಲಿಕ ಪ್ರೊಫೈಲ್‌ನಲ್ಲಿ ಲಾಗಿನ್ ಆಗಿದ್ದೀರಿ ಎಂಬ ಸೂಚನೆ ಇಣುಕಿ ಮರೆಯಾಗುತ್ತದೆ, ಬಹಳ ಜನ ಅದನ್ನು ಓದುವುದೇ ಇಲ್ಲ. ನಿಮ್ಮ ಫೈಲ್‌ಗಳೆಲ್ಲ ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರಿನಲ್ಲಿ ನಿಮ್ಮ ಹೆಸರಿನಡಿ ಸುರಕ್ಷಿತವಾಗಿವೆ, ವಿಂಡೋಸ್‌ಗೆ ಆ ಪ್ರೊಫೈಲ್ ಓದಲು ಆಗದೆ ಟೆಂಪ್ ಎಂಬ ಬಾಡಿಗೆ ಮನೆ ಕೊಟ್ಟಿದೆ. ಈ ಸ್ಥಿತಿಯಲ್ಲಿ ಹೊಸದಾಗಿ ಏನನ್ನೂ ಡೆಸ್ಕ್‌ಟಾಪ್‌ನಲ್ಲಾಗಲಿ ಡಾಕ್ಯುಮೆಂಟ್ಸ್‌ನಲ್ಲಾಗಲಿ ಉಳಿಸಬೇಡಿ. ಲಾಗ್ ಆಫ್ ಆದೊಡನೆ ಅದೆಲ್ಲ ಅಳಿಯುತ್ತದೆ.

ಮೊದಲು ಒಂದೆರಡು ಸಲ ರೀಸ್ಟಾರ್ಟ್ ಮಾಡಿ. ಆಂಟಿವೈರಸ್ ಆ ಕ್ಷಣದಲ್ಲಿ ಪ್ರೊಫೈಲ್ ಫೈಲನ್ನು ಹಿಡಿದಿಟ್ಟುಕೊಂಡದ್ದೇ ಕಾರಣವಾಗಿದ್ದರೆ ತಾನಾಗಿ ಸರಿಹೋಗುತ್ತದೆ. ಆಗದಿದ್ದರೆ ರಿಜಿಸ್ಟ್ರಿ ಎಡಿಟರಿನಲ್ಲಿ ಲೋಕಲ್ ಮಷೀನ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್ ಎನ್‌ಟಿ, ಕರೆಂಟ್ ವರ್ಷನ್, ಪ್ರೊಫೈಲ್ ಲಿಸ್ಟ್ ಎಂಬ ಜಾಗಕ್ಕೆ ಹೋಗಬೇಕು. ಉದ್ದನೆಯ ಒಂದೇ ಸಂಖ್ಯೆಯ, ಫೋಲ್ಡರಿನಂತೆ ಕಾಣುವ ಎರಡು ಕೀ ಅಲ್ಲಿರುತ್ತವೆ, ಒಂದರ ಕೊನೆಗೆ ಚುಕ್ಕಿ ಬಿಎಕೆ ಎಂದಿರುತ್ತದೆ. ಬಿಎಕೆ ಇರುವುದೇ ನಿಮ್ಮ ಅಸಲಿ ಪ್ರೊಫೈಲ್. ಬಾಲವಿಲ್ಲದ ಕೀಗೆ ಬೇರೊಂದು ಬಾಲ ಸೇರಿಸಿ ಹೆಸರು ಬದಲಿಸಿ, ಆಮೇಲೆ ಅಸಲಿಯ ಹೆಸರಿನ ಕೊನೆಯ ಚುಕ್ಕಿ ಬಿಎಕೆ ಮಾತ್ರ ಅಳಿಸಿ, ಅದರೊಳಗೆ ಸ್ಟೇಟ್ ಮತ್ತು ರೆಫ್‌ಕೌಂಟ್ ಇದ್ದರೆ ಎರಡನ್ನೂ 0 ಮಾಡಿ, ರೀಸ್ಟಾರ್ಟ್ ಮಾಡಿ. ಕೈ ಹಾಕುವ ಮೊದಲು ಪ್ರೊಫೈಲ್ ಲಿಸ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಮಾಡಿಕೊಂಡಿರಬೇಕು. ರಿಜಿಸ್ಟ್ರಿ ಎಂದರೆ ಅಂಜಿಕೆ ಇರುವವರು ಹೊಸ ಯೂಸರ್ ಖಾತೆ ಮಾಡಿ, ಹಳೆಯ ಫೋಲ್ಡರಿನಿಂದ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ನಕಲು ಮಾಡಿಕೊಳ್ಳುವುದೇ ಲೇಸು. ಎನ್‌ಟಿ ಯೂಸರ್ ಎಂದು ಶುರುವಾಗುವ ಫೈಲ್‌ಗಳನ್ನು ಮಾತ್ರ ತರಬೇಡಿ, ಕೆಟ್ಟಿರುವುದು ಅವೇ ಆಗಿರಬಹುದು.

ಫೈಲ್‌ಗಳನ್ನು ಬಚ್ಚಿಡುವ ವೈರಸ್ ಇಲ್ಲವೆಂದಲ್ಲ. 2011ರ ಸುಮಾರಿಗೆ ಹಾರ್ಡ್ ಡಿಸ್ಕ್ ಕೆಟ್ಟಿದೆ ಎಂದು ಹೆದರಿಸಿ ಹಣ ಕೇಳುವ ನಕಲಿ ರಿಪೇರಿ ಪ್ರೋಗ್ರಾಂಗಳು ಹರಡಿದ್ದವು. ಅವು ಫೈಲ್‌ಗಳಿಗೆಲ್ಲ ಹಿಡನ್ ಗುರುತು ಹಾಕಿ, ಶಾರ್ಟ್‌ಕಟ್‌ಗಳನ್ನು ತಾತ್ಕಾಲಿಕ ಫೈಲ್‌ಗಳ ಟೆಂಪ್ ಫೋಲ್ಡರಿನೊಳಗೆ ಎಸ್‌ಎಂಟಿಎಂಪಿ ಎಂಬ ಹೆಸರಿನಡಿ ಸಾಗಿಸುತ್ತಿದ್ದವು. ಹೀಗಾದಾಗ ಡಿಸ್ಕ್ ಕ್ಲೀನಪ್ ಓಡಿಸಿದರೆ ಟೆಂಪ್ ಜೊತೆ ಶಾರ್ಟ್‌ಕಟ್‌ಗಳೂ ಗುಡಿಸಿಹೋಗುತ್ತವೆ. ನಮ್ಮ ಕಡೆ ಈಗಲೂ ಕಾಣಸಿಗುವುದು ಜೆರಾಕ್ಸ್ ಅಂಗಡಿಯಿಂದ ಪೆನ್ ಡ್ರೈವ್ ಮೂಲಕ ಮನೆಗೆ ಬರುವ ಶಾರ್ಟ್‌ಕಟ್ ವೈರಸ್. ಅಸಲಿ ಫೋಲ್ಡರನ್ನು ಮರೆಮಾಡಿ ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ. ಆ ಬಾಣದ ಗುರುತಿನ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಕಂಪ್ಯೂಟರಿಗೂ ಅಂಟುತ್ತದೆ. ಯಾವುದೇ ಫೋಲ್ಡರಿನ ಆರ್ಗನೈಸ್ ಮೆನುವಿನಿಂದ ಫೋಲ್ಡರ್ ಆಪ್ಷನ್ಸ್, ವ್ಯೂ, ಶೋ ಹಿಡನ್ ಫೈಲ್ಸ್ ಆರಿಸಿ, ಅಲ್ಲೇ ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಂ ಫೈಲ್ಸ್ ಮುಂದಿನ ಟಿಕ್ ಕೂಡ ತೆಗೆಯಿರಿ. ಮಾಸಿದ ಬಣ್ಣದಲ್ಲಿ ನಿಮ್ಮ ಫೈಲ್ ಕಾಣಿಸಿದರೆ ಅದರ ಪ್ರಾಪರ್ಟೀಸ್‌ನಲ್ಲಿ ಹಿಡನ್ ಟಿಕ್ ತೆಗೆಯಿರಿ. ಆ ಟಿಕ್ ಮುಟ್ಟಲು ಬಾರದಂತೆ ಮಂಕಾಗಿದ್ದರೆ ಸಿಸ್ಟಂ ಗುರುತೂ ಬಿದ್ದಿದೆ ಎಂದರ್ಥ, ಆಗ ಕಮಾಂಡ್ ಪ್ರಾಂಪ್ಟ್‌ನಲ್ಲಿ ಆಟ್ರಿಬ್ ಕಮಾಂಡಿಗೆ ಮೈನಸ್ ಎಚ್, ಮೈನಸ್ ಎಸ್ ಎರಡನ್ನೂ ಒಟ್ಟಿಗೆ ಕೊಡಬೇಕು. ವೈರಸ್ ತೆಗೆದ ಮೇಲೆ ಇದು. ಮೊದಲೇ ಮಾಡಿದರೆ ಅದು ಮತ್ತೆ ಮರೆಮಾಡುತ್ತದೆ. ಡೆಸ್ಕ್‌ಟಾಪ್ ಇನಿ ಎಂಬ ಎರಡು ಮಾಸಲು ಫೈಲ್ ಕಂಡರೆ ಗಾಬರಿ ಬೇಡ, ಅವು ವಿಂಡೋಸ್‌ನವೇ.

ಮಾನಿಟರ್ ಜೊತೆ ಟಿವಿಯನ್ನೂ ಕೇಬಲ್‌ನಲ್ಲಿ ಜೋಡಿಸಿದ್ದರೆ ಟಿವಿಯೇ ಮುಖ್ಯ ಪರದೆಯಾಗಿ ಐಕಾನ್‌ಗಳೆಲ್ಲ ಅಲ್ಲಿಗೆ ಹೋಗಿ ಕೂತಿರುವುದುಂಟು. ವಿಂಡೋಸ್ ಕೀ ಹಿಡಿದು ಪಿ ಒತ್ತಿ ಕಂಪ್ಯೂಟರ್ ಓನ್ಲಿ ಆರಿಸಿದರೆ ವಾಪಸ್ ಬರುತ್ತವೆ. ಎಕ್ಸ್‌ಪಿ ಇಟ್ಟುಕೊಂಡವರಿಗೆ: ಅಲ್ಲಿ ಡೆಸ್ಕ್‌ಟಾಪ್ ಕ್ಲೀನಪ್ ವಿಝಾರ್ಡ್ 60 ದಿನಕ್ಕೊಮ್ಮೆ ಬಂದು, ಬಳಸದ ಶಾರ್ಟ್‌ಕಟ್‌ಗಳನ್ನು ಅನ್‌ಯೂಸ್ಡ್ ಡೆಸ್ಕ್‌ಟಾಪ್ ಶಾರ್ಟ್‌ಕಟ್ಸ್ ಫೋಲ್ಡರಿಗೆ ಹಾಕಲು ಕೇಳುತ್ತಿತ್ತು. ಆ ಫೋಲ್ಡರ್ ಡೆಸ್ಕ್‌ಟಾಪ್ ಮೇಲೆಯೇ ಇರುತ್ತದೆ. ವಿಂಡೋಸ್ 10ಕ್ಕೆ ಹೋದವರು ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್ ಫೋಲ್ಡರಿನೊಳಗೆ ಇನ್ನೊಂದು ಡೆಸ್ಕ್‌ಟಾಪ್ ಇದೆಯೇ ನೋಡಿ. ಬ್ಯಾಕಪ್ ಆನ್ ಆಗಿದ್ದರೆ ಫೈಲ್‌ಗಳು ಅಲ್ಲಿಗೆ ಸಾಗಿರುತ್ತವೆ.

ಐಕಾನ್ ಹೋಗುವುದಲ್ಲ, ಬರಲು ಐದು ನಿಮಿಷ ಹಿಡಿಯುತ್ತಿದೆ, ಆಗಾಗ ಕಂಪ್ಯೂಟರ್ ಸ್ತಬ್ಧವಾಗುತ್ತದೆ, ಕ್ಯಾಬಿನೆಟ್ ಒಳಗಿಂದ ಕಟಕಟ ಸದ್ದು ಬರುತ್ತದೆ ಎಂದಾದರೆ ಹಾರ್ಡ್ ಡಿಸ್ಕ್ ಹೋಗುವ ಹಾದಿಯಲ್ಲಿದೆ. ವಿಂಡೋಸ್ ತನ್ನ ದೋಷಗಳನ್ನು ದಾಖಲಿಸುವ ಇವೆಂಟ್ ವ್ಯೂವರಿನ ವಿಂಡೋಸ್ ಲಾಗ್ಸ್, ಸಿಸ್ಟಂನಲ್ಲಿ ಡಿಸ್ಕ್ ಎಂಬ ಮೂಲದಿಂದ 7 ಸಂಖ್ಯೆಯ ಎರರ್ ಅಥವಾ ಎನ್‌ಟಿಎಫ್‌ಎಸ್ ಮೂಲದಿಂದ 55 ಸಾಲುಗಟ್ಟಿದ್ದರೆ ಅನುಮಾನ ಬೇಡ. ಇಲ್ಲಿ ಎಲ್ಲರೂ ಎಡವುವುದು ಕೆಲಸದ ಕ್ರಮದಲ್ಲಿ. ಡಿಸ್ಕ್ ದೋಷ ಹುಡುಕುವ ಚೆಕ್ ಡಿಸ್ಕ್ ಪ್ರೋಗ್ರಾಂ ಮೊದಲು ಓಡಿಸಬೇಡಿ. ಸಾಯುತ್ತಿರುವ ಡಿಸ್ಕ್‌ನ ಮೂಲೆಮೂಲೆಯನ್ನೂ ಅದು ಓದಿಸುತ್ತದೆ, ಇದ್ದ ಉಸಿರೂ ಹೋಗಬಹುದು. ಮೊದಲು ಯೂಸರ್ಸ್ ಫೋಲ್ಡರ್ ಬೇರೆ ಡಿಸ್ಕ್‌ಗೆ ನಕಲಾಗಲಿ. ಡಿಸ್ಕನ್ನು ಮದರ್‌ಬೋರ್ಡ್‌ಗೆ ಜೋಡಿಸುವ ಸಾಟಾ ಕೇಬಲ್ ಸಡಿಲವಾಗಿದ್ದರೂ ಇಂಥದೇ ಲಕ್ಷಣ ಬರುತ್ತದೆ, ಪವರ್ ತೆಗೆದು ಎರಡೂ ತುದಿ ಬಿಗಿಯಾಗಿ ಒತ್ತಿ ನೋಡಿ. ಡಿಸ್ಕ್ ಬದಲಿಸುವುದಾದರೆ 2011ರ ಯಂತ್ರಕ್ಕೆ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಸರಿಹೊಂದುತ್ತದೆ, ಮತ್ತು ಆ ಹಳೆಯ ಯಂತ್ರಕ್ಕೆ ಹಾಕುವ ದುಡ್ಡಿನಲ್ಲಿ ಫಲ ಕಾಣುವ ಖರ್ಚು ಅದೊಂದೇ.

ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೇ ನಿಂತಿದೆ. ಪತ್ರ ಟೈಪಿಸಿ ಫೋಟೋ ನೋಡಲು ಅದು ಸಾಕು. ಬ್ಯಾಂಕ್ ವ್ಯವಹಾರ ಮಾತ್ರ ಅದರಲ್ಲಿ ಬೇಡ.

ಮುಂದೆಂದಾದರೂ ಫಾರ್ಮ್ಯಾಟ್ ಅನಿವಾರ್ಯವಾದರೆ ಅಂಗಡಿಗೆ ಕೊಡುವ ಮುನ್ನ ಒಂದು ಮಾತು ಬಿಡಿಸಿ ಹೇಳಿ. ಡಿ ಡ್ರೈವ್ ಮುಟ್ಟುವುದಿಲ್ಲ, ಡೇಟಾ ಸೇಫ್ ಎಂದು ಅವರು ಹೇಳುವುದು ನಿಜವೇ, ಆದರೆ ಡೆಸ್ಕ್‌ಟಾಪ್ ಇರುವುದು ಸಿ ಡ್ರೈವ್‌ನಲ್ಲಿ. ಅಪ್ಪನ ಪತ್ರಗಳು ಹೋಗುವುದು ಹಾಗೆಯೇ. ಯೂಸರ್ಸ್ ಫೋಲ್ಡರಿನಲ್ಲಿ ಅವರ ಹೆಸರಿನದ್ದನ್ನೂ, ಪಬ್ಲಿಕ್ ಎಂಬುದನ್ನೂ ಪೂರ್ತಿ ನಕಲು ಮಾಡಿಸಿ. ಜೊತೆಗೆ ವಿಂಡೋಸ್ ಫೋಲ್ಡರಿನ ಫಾಂಟ್ಸ್ ಒಳಗಿಂದ ನುಡಿ ಎಂದು ಶುರುವಾಗುವ ಫಾಂಟ್‌ಗಳನ್ನೆಲ್ಲ ಎತ್ತಿಟ್ಟುಕೊಳ್ಳಿ. ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಪದ್ಧತಿ) ಅಲ್ಲದ ಹಳೆಯ ನುಡಿ ಅಕ್ಷರದಲ್ಲಿ ಟೈಪ್ ಮಾಡಿದ ಪತ್ರ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡವಾಗಿ ತೆರೆಯುವುದಿಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಫಾಂಟ್ ಹಾಕಿದರೆ ಅದೇ ಪತ್ರ ಸರಿಯಾಗುತ್ತದೆ, ಮತ್ತೆ ಟೈಪ್ ಮಾಡಬೇಕಿಲ್ಲ.